ಐವತ್ತು ದಿನದ ಸುಲ್ತಾನನ ಕಣ್ಣು

ಕಂತು ಏಳು: ಸುಲೈಮಾನಿಯ ನಿಂಬೆ

“ಕಠಾರಿ ತಾಗಿದ ಕೂಡಲೇ ಉರಿಯಿತಾ, ಅಲ್ಲ ಆಮೇಲಾ? ಇಷ್ಟು ಹೇಳಿಬಿಡು ಶ್ರವಣ್, ನಾನು ಎದ್ದು ಹೋಗ್ತೇನೆ.”

ಕುಸುಮಾವತಿ ಇದೇ ಪ್ರಶ್ನೆಯನ್ನು ತಿರುಗಾಮುರುಗಾ ಕೇಳುತ್ತಿದ್ದಳು. ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿಕೊಂಡು ಸೋಫಾದಲ್ಲಿ ಕೂತಿದ್ದ ಶ್ರವಣ್ ಮೊದಲು ತಲೆನೋವು ಅಂದ, ಆಮೇಲೆ ನೆನಪಿಲ್ಲ ಅಂದ, ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಕಳೆದ ವಾರ ಕನ್ನಡ ಸಂಘದ ನಾಟಕದಲ್ಲಿ ಸುಲ್ತಾನನ ಕಣ್ಣು ಕೀಳುವ ದೃಶ್ಯ ನಡೆಯುವಾಗ ಸುಲ್ತಾನನ ಪಾತ್ರ ಮಾಡಿದ್ದ ಶ್ರವಣನ ಕಣ್ಣು ನಿಜಕ್ಕೂ ಸುಟ್ಟುಹೋಗಿತ್ತು, ಕಠಾರಿ ಹಿಡಿದಿದ್ದ ಬಸಲಿಂಗಯ್ಯ ಅಂದಿನಿಂದ ಪೊಲೀಸರ ವಶದಲ್ಲಿದ್ದ. ಇವತ್ತು ಸಂಜೆ ಶ್ರವಣ್ ಠಾಣೆಗೆ ಹೋಗಿ ಹೇಳಿಕೆಗೆ ಸಹಿ ಹಾಕಿದರೆ ಖಲಾಸ್. ಬಸಲಿಂಗಯ್ಯನಿಗೆ ಜೈಲು, ಅಲ್ಲಿಂದ ನೇರ ಊರಿನ ವಿಮಾನ, ಈ ಜನ್ಮದಲ್ಲಿ ಮತ್ತೆ ಕುವೈತಿನ ಮುಖ ನೋಡುವ ಹಾಗಿಲ್ಲ.

ಕುಸುಮಾವತಿ ಪೊಲೀಸಿನವಳಲ್ಲ. ಕುವೈತ್ ಸಿಟಿಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮುಗಳ ತನಿಖೆ ಅವಳ ಕೆಲಸ. ಪಾರ್ಕಿಂಗಿನ ಕಂಬಕ್ಕೆ ತಾವೇ ಕಾರು ಗುದ್ದಿ ‘ಯಾರೋ ಹೊಡೆದು ಓಡಿಹೋದ’ ಅಂತ ಆಣೆ ಇಡುವ ಮಹಾನುಭಾವರನ್ನು ದಿನಾ ನೋಡಿ ನೋಡಿ, ಎದುರಿನವರು ಬಾಯಿ ತೆರೆಯುವ ಮೊದಲೇ ಸುಳ್ಳಿನ ವಾಸನೆ ಹಿಡಿಯುವಷ್ಟು ಪಳಗಿದ್ದಳು. ಬಸಲಿಂಗಯ್ಯನ ಹೆಂಡತಿ ಅನ್ನಪೂರ್ಣೆವ್ವ ಅವಳ ಕೈ ಹಿಡಿದು “ನಮ್ಮನಿಯವ್ರನ್ನ ಹೊರಗ ತರ್ರಿ ಅಕ್ಕಾರ” ಅಂತ ಅತ್ತಿದ್ದಳು. ತರ್ತೇನೆ ಅಂತ ಇವಳು ಮಾತು ಕೊಟ್ಟಾಗಿತ್ತು. ಕೊಟ್ಟ ಮೇಲೆ ಹಿಂದೆ ಸರಿಯುವ ಪೈಕಿ ಅಲ್ಲ ಕುಸುಮಾವತಿ.

“ಅಕ್ಕಾ, ಚಾ ಕುಡೀರಿ ಮೊದಲು. ಅವನಿಗೆ ಸ್ವಲ್ಪ ರೆಸ್ಟ್ ಬೇಕು ಅಂತ ಡಾಕ್ಟ್ರು ಹೇಳಿದ್ದಾರೆ.”

ಸುಮಿತ್ ಟ್ರೇ ತಂದಿಟ್ಟ. ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪಗಿನ ಸುಲೈಮಾನಿ ಚಾ, ಬದಿಗೆ ಹೋಳು ಮಾಡಿದ ನಿಂಬೆ. ಕುವೈತ್ ಸಿಟಿಯ ಬ್ನೇದ್ ಅಲ್ ಗಾರ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಶ್ರವಣ್, ಸುಮಿತ್ ಇಬ್ಬರೇ ಇರುವುದು. ಇಬ್ಬರೂ ಉಡುಪಿ ಕಡೆಯವರು, ಇಬ್ಬರಿಗೂ ಒಂದೇ ಹೋಟೆಲಿನ ಬ್ಯಾಂಕ್ವೆಟ್ ವಿಭಾಗದಲ್ಲಿ ಕೆಲಸ. ಶ್ರವಣ್ ಆಸ್ಪತ್ರೆಯಿಂದ ಬಂದಾಗಿನಿಂದ ಊಟ ಬಡಿಸುವುದು, ಕೈ ಹಿಡಿದು ನಡೆಸುವುದು, ಕಣ್ಣಿಗೆ ಮದ್ದು ಬಿಡುವುದು ಎಲ್ಲಾ ಸುಮಿತನೇ. ಒಡಹುಟ್ಟಿದವನೂ ಇಷ್ಟು ಮಾಡಲಿಕ್ಕಿಲ್ಲ ಅಂತ ಕುಸುಮಾವತಿಗೆ ಅನಿಸಿತು.

“ನಿನಗೆ ಡ್ಯೂಟಿ ಇಲ್ವಾ ಇವತ್ತು?”

“ಉಂಟು. ಈಗ ಬ್ಯಾಂಕ್ವೆಟ್ ಎಲ್ಲ ನಾನೇ ನೋಡ್ಕೊಳ್ಬೇಕಲ್ಲ ಅಕ್ಕಾ. ಇವನು ಎದ್ದು ಬರುವ ತನಕ.” ಹಾಗೆಂದು ಅವನು ಹೊಸ ಟೈ ಸರಿಮಾಡಿಕೊಂಡ.

ಶ್ರವಣ್ ಬ್ಯಾಂಕ್ವೆಟ್ ಮ್ಯಾನೇಜರ್ ಆಗಿ ಎರಡು ತಿಂಗಳೂ ತುಂಬಿರಲಿಲ್ಲ. ಒಳ್ಳೆಯ ಹುಡುಗ, ಆದರೆ ಬೆನ್ನುಮೂಳೆ ಸ್ವಲ್ಪ ಮೆತ್ತಗೆ. ವೇಟರುಗಳು ಬೈದರೂ ‘ಆಯ್ತು ಭಾಯಿ’ ಅನ್ನುವವನು. ಸುಲ್ತಾನನ ಪಾತ್ರಕ್ಕೆ ಬಸಲಿಂಗಯ್ಯ ಇವನನ್ನೇ ಆರಿಸಿದ್ದು ಸುಮ್ಮನೆ ಅಲ್ಲ.

ಬಸಲಿಂಗಯ್ಯನ ಊರು ಶಹಾಪುರ ತಾಲೂಕಿನ ಸಗರ. ಆರುನೂರು ವರ್ಷಗಳ ಹಿಂದೆ ಬಹಮನಿ ಸುಲ್ತಾನ ಘಿಯಾಸುದ್ದೀನನ ಕಣ್ಣು ಕಿತ್ತು ಸೆರೆ ಇಟ್ಟದ್ದು ಅಲ್ಲಿಯ ಕೋಟೆಯಲ್ಲೇ. ಮೀಸೆ ಮೂಡುವ ವಯಸ್ಸಿನ ಹುಡುಗ ಕಲಬುರಗಿಯ ಗದ್ದುಗೆ ಏರಿದ. ತಗಲ್ಚಿನ್ ಎಂಬ ಪ್ರಬಲ ತುರ್ಕ ಸರದಾರ ತನಗೆ ಪದವಿ ಕೊಡಲಿಲ್ಲ ಅಂತ ಹಲ್ಲು ಕಡಿದ. ಅವನ ಮಗಳ ಮೇಲೆ ಹುಡುಗನಿಗೆ ಮೋಹ. ಅದನ್ನೇ ಗಾಳ ಮಾಡಿ ಮನೆಗೆ ಔತಣಕ್ಕೆ ಕರೆದ, ಕಠಾರಿಯ ಮೊನೆಯಿಂದ ಕಣ್ಣು ತೆಗೆದ, ಮಲತಮ್ಮ ಶಂಸುದ್ದೀನನನ್ನು ಸಿಂಹಾಸನದಲ್ಲಿ ಕೂರಿಸಿದ. ಕಣ್ಣು ಹೋದ ಹುಡುಗನ ಒಟ್ಟು ಆಳ್ವಿಕೆ ಐವತ್ತು ದಿನ. ಬಾಲ್ಯದಿಂದ ಕೇಳಿದ ಈ ಕಥೆಯನ್ನು ಬಸಲಿಂಗಯ್ಯ ಕುವೈತಿನ ತೈಲಪಟ್ಟಣ ಅಹ್ಮದಿಯ ತನ್ನ ಮನೆಯಲ್ಲಿ ಕೂತು ನಾಟಕ ಮಾಡಿದ, ತಗಲ್ಚಿನ್ ಪಾತ್ರ ತಾನೇ ಹಾಕಿದ. ಅವನ ಸ್ವಂತ ಮಗಳು ಸೌಂದರ್ಯಾ ತಗಲ್ಚಿನ್ನನ ಮಗಳಾದಳು. ಮಲತಮ್ಮನ ಮೂರು ಮಾತಿನ ಪಾತ್ರ ಸುಮಿತನದು.

ಹೊರಗಿನ ಕಥೆಯೂ ಹಾಗೇ ಹೆಣೆದುಕೊಂಡಿತ್ತಲ್ಲ, ಅದೇ ಎಡವಟ್ಟು. ಶ್ರವಣ್, ಸೌಂದರ್ಯಾ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅದು ಗೊತ್ತಾಗಿ ಬಸಲಿಂಗಯ್ಯ ಪ್ರಾಕ್ಟೀಸಿನ ನಡುವೆಯೇ “ನನ್ನ ಮಗಳ ಮ್ಯಾಲ ಕಣ್ಣು ಹಾಕಿದ್ರ ಆ ಕಣ್ಣಽ ಇರಂಗಿಲ್ಲ!” ಅಂತ ಕೂಗಿದ್ದ. ಇಡೀ ಹಾಲ್ ಕೇಳಿತ್ತು. ಶ್ರವಣನ ಕಣ್ಣು ಸುಟ್ಟದ್ದು ಪೈಪ್ ತೊಳೆಯುವಂಥ ಕಟು ಕ್ಷಾರದಿಂದ ಅಂತ ಡಾಕ್ಟರು ಹೇಳಿದರು. ಬಸಲಿಂಗಯ್ಯ ತೈಲ ಕಂಪನಿಯಲ್ಲಿ ಟೆಕ್ನಿಷಿಯನ್, ಕೆಮಿಕಲ್ಲುಗಳ ನಡುವೆಯೇ ದುಡಿಯುವವನು. ಪೊಲೀಸರಿಗೆ ಇನ್ನೆಂತ ಬೇಕು?

ಆದರೆ ಕುಸುಮಾವತಿಗೆ ಒಂದು ವಿಷಯ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಎಲ್ಲರೂ ಕಠಾರಿಯನ್ನೇ ನೋಡುತ್ತಿದ್ದರು.

ಅವಳು ಚೀಲದಿಂದ ಎರಡು ವಸ್ತು ತೆಗೆದು ಟೀಪಾಯಿಯ ಮೇಲೆ ಹಾಸಿದಳು. ಒಂದು, ಸುಲ್ತಾನನ ಬಿಳಿ ಅಂಗಿ. ಇನ್ನೊಂದು, ಸುಲ್ತಾನನ ಕಣ್ಣಿಗೆ ಕಟ್ಟಿದ್ದ ಬಟ್ಟೆಯ ಪಟ್ಟಿ. ಎರಡನ್ನೂ ಸಂಘದ ವೇಷದ ಪೆಟ್ಟಿಗೆ ಜಾಲಾಡಿ ಬೆಳಿಗ್ಗೆಯಷ್ಟೇ ತಂದಿದ್ದಳು.

“ಸುಮಿತ್, ಕಠಾರಿಯೊಳಗೆ ಇದ್ದದ್ದು ಎಂತ?”

“ಬೀಟ್‌ರೂಟ್ ರಸ ಅಕ್ಕಾ. ಹಿಡಿಯಲ್ಲಿ ರಬ್ಬರಿನ ಗುಂಡು ಉಂಟು. ಅದನ್ನು ಒತ್ತಿದರೆ ಮೊನೆಯಲ್ಲಿ ಕೆಂಪು ಬರ್ತದೆ. ಆದರೆ ಅವರು ಬೇರೆ ಎಂತದೋ ತುಂಬಿಸಿದ್ರಲ್ಲ...”

“ನೋಡುವ.”

ಅವಳು ಚಾದ ಬದಿಯಲ್ಲಿದ್ದ ನಿಂಬೆಯ ಹೋಳನ್ನು ಅಂಗಿಯ ಕೊರಳಿನ ಕಲೆಯ ಮೇಲೆ ಹಿಂಡಿದಳು. ಕಠಾರಿಯಿಂದ ಚಿಮ್ಮಿ ಬಿದ್ದ ಕಲೆ ಅದು. ಕೆಂಪು ಕೆಂಪಾಗಿಯೇ ಉಳಿಯಿತು. ಆಮೇಲೆ ಅದೇ ಹೋಳನ್ನು ಕಣ್ಣುಪಟ್ಟಿಯ ಕಂದುಗೆಂಪು ಕಲೆಯ ಮೇಲೆ ಹಿಂಡಿದಳು.

ನೋಡನೋಡುತ್ತ ಅದು ಹಳದಿಯಾಯಿತು.

“ಎಂತ ಆಯ್ತು?” ಶ್ರವಣ್ ಕೇಳಿದ. ಕಾಣದವನ ಮುಖ ಶಬ್ದದ ಕಡೆಗೆ ತಿರುಗಿತು.

“ಅರಶಿನ ಮಾರಾಯ! ಆರತಿ ತಟ್ಟೆಯಲ್ಲಿ ಮಾಡ್ತೇವಲ್ಲ, ಅರಶಿನಕ್ಕೆ ಸುಣ್ಣ ಹಾಕಿದ ಕೆಂಪು ನೀರು, ಅದು. ಹುಳಿ ತಾಗಿದರೆ ತಿರುಗಿ ಹಳದಿ. ಕಠಾರಿಯಲ್ಲಿದ್ದದ್ದು ಬರೀ ಬೀಟ್‌ರೂಟ್. ಕ್ಷಾರ ಸೇರಿದ್ದರೆ ಅದರ ಕೆಂಪು ಉಳೀತಿರಲಿಲ್ಲ. ಸುಣ್ಣವೂ ಕ್ಷಾರವೇ, ನಿನ್ನ ಕಣ್ಣು ಸುಟ್ಟದ್ದು ಈ ಪಟ್ಟಿಯಿಂದ.” ಅವಳು ಮುಂದಕ್ಕೆ ಬಾಗಿದಳು. “ಮತ್ತೆ ಅದು ನಿನಗೆ ಮೊದಲೇ ಗೊತ್ತಿತ್ತು. ಹೌದಾ ಅಲ್ವಾ?”

ಶ್ರವಣ್ ಮುಖ ಆಚೆ ತಿರುಗಿಸಿದ.

“ನಿನಗೆ ನಾಚಿಕೆ ಆಗುದಿಲ್ವನಾ? ಅಲ್ಲಿ ಒಬ್ಬ ಮನುಷ್ಯ ಮಾಡದ ತಪ್ಪಿಗೆ ಕಂಬಿ ಹಿಂದೆ ಕೂತಿದ್ದಾನೆ. ಅವನ ಹೆಂಡತಿ ಊಟ ಬಿಟ್ಟಿದ್ದಾಳೆ. ನೀನು ಇಲ್ಲಿ ನೆನಪಿಲ್ಲ, ತಲೆನೋವು ಅಂತ ನಾಟಕ ಆಡ್ತೀಯಾ? ನಾಟಕ ಮುಗಿದು ವಾರ ಆಯ್ತು!”

“ಅಕ್ಕಾ, ಪ್ಲೀಸ್...” ಸುಮಿತ್ ನಡುವೆ ಬಂದ.

“ನೀನು ಸುಮ್ಮನಿರು. ಶ್ರವಣ್, ಪಟ್ಟಿ ಕಟ್ಟಿದ್ದು ಯಾರು?”

“ಸೌಂದರ್ಯಾ,” ಎಂದ ಶ್ರವಣ್. ಧ್ವನಿ ಒಡೆದಿತ್ತು. “ಕಠಾರಿ ತಾಗಿದಾಗ ತಣ್ಣಗೇ ಇತ್ತು. ಅವಳು ಓಡಿ ಬಂದು ಪಟ್ಟಿ ಕಟ್ಟಿದಳು, ಆಗ ಉರಿ ಶುರುವಾದದ್ದು. ನಾನು ಕೂಗಿದೆ. ಜನ ನಾಟಕ ಅಂತ ಚಪ್ಪಾಳೆ ಹೊಡೆದರು. ಅಕ್ಕಾ, ನಾನು ಪಟ್ಟಿ ಅಂದರೆ ಪೊಲೀಸರು ಅವಳನ್ನು ಎಳ್ಕೊಂಡು ಹೋಗ್ತಾರೆ. ಅವಳು ಮಾಡಿದವಳಲ್ಲ. ಅದು ನನಗೆ ಗೊತ್ತುಂಟು.”

“ಅದಕ್ಕೆ ಅವಳ ಅಪ್ಪನನ್ನು ಬಲಿ ಕೊಡ್ತೀಯಾ? ನಾಳೆ ಆ ಹುಡುಗಿಯ ಎದುರು ಯಾವ ಮುಖ ಇಟ್ಕೊಂಡು ನಿಲ್ತೀಯಾ?”

ಬ್ಯಾಂಡೇಜಿನ ಕೆಳಗಿಂದ ನೀರು ಇಳಿಯಿತು. ಅಳುವುದಕ್ಕೂ ಕಣ್ಣು ಉರಿಯುತ್ತಿರಬೇಕು, ಹುಡುಗ ಹಲ್ಲು ಕಚ್ಚಿ ಮುಖ ಹಿಂಡಿದ. ಕುಸುಮಾವತಿಗೆ ಅಯ್ಯೋ ಅನಿಸಿತು. ಎಲ್ಲರಿಗೂ ಒಳ್ಳೆಯವನಾಗಲು ಹೋಗಿ ಎಲ್ಲರನ್ನೂ ಕೆಡಿಸುವ ಸ್ವಭಾವ, ಎಂತ ಮಾಡುವುದು.

“ಸಂಜೆ ಸತ್ಯ ಹೇಳ್ತೇನೆ,” ಎಂದ ಶ್ರವಣ್. ಈ ಸಲ ಗಟ್ಟಿಯಾಗಿಯೇ ಹೇಳಿದ. “ಕಠಾರಿಯಿಂದ ಅಲ್ಲ ಅಂತ ಹೇಳ್ತೇನೆ. ಆದರೆ ಅಕ್ಕಾ, ಆ ಪಟ್ಟಿಯನ್ನು ಅದ್ದಿದ್ದು ಯಾರು ಅಂತ ಅಷ್ಟರಲ್ಲಿ ನೀವು ಕಂಡುಹಿಡೀಬೇಕು.”

“ಹಿಡೀತೇನೆ. ಹಿಡಿಯದೆ ಬಿಡುದಿಲ್ಲ.”

“ನಾನೇ ಕರ್ಕೊಂಡು ಹೋಗ್ತೇನೆ ಠಾಣೆಗೆ. ನಾನಿದ್ದೇನಲ್ಲ,” ಎಂದ ಸುಮಿತ್. “ಹೊರಡುವ ಮೊದಲು ಡ್ರಾಪ್ಸ್ ಹಾಕ್ಬೇಕು, ಮರೀಬಾರದು. ಎಡಗಣ್ಣಿಗೆ ಇನ್ನೂ ಚಾನ್ಸ್ ಉಂಟಂತೆ ಅಕ್ಕಾ, ಸರಿಯಾಗಿ ಮದ್ದು ಬಿಟ್ಟರೆ ದೃಷ್ಟಿ ವಾಪಸ್ ಬರ್ತದಂತೆ.”

“ಈ ಡ್ರಾಪ್ಸ್ ಒಂದು ಉರಿ ಮಾರಾಯ,” ಶ್ರವಣ್ ಗೊಣಗಿದ. “ಆಸ್ಪತ್ರೆಯಲ್ಲಿ ನರ್ಸ್ ಹಾಕುವಾಗ ಇಷ್ಟು ಇರಲಿಲ್ಲ.”

“ಗಾಯ ಮಾಗುವಾಗ ಹಾಗೇ.”

ಅಹ್ಮದಿಗೆ ಹೋಗಿ ಬರ್ತೇನೆ ಅಂದು ಕುಸುಮಾವತಿ ಆಗಲೇ ಬಾಗಿಲ ಹತ್ತಿರ ಇದ್ದಳು. ಅವಳ ತಲೆಯಲ್ಲಿ ಬೇರೊಂದು ಚಿತ್ರ ಓಡುತ್ತಿತ್ತು. ನಾಟಕದ ದಿನ ಪರದೆಯ ಬದಿಯಲ್ಲಿ, ತಲೆ ತುಂಬ ಸೆರಗು ಹೊದ್ದು, ತಟ್ಟೆ ಹಿಡಿದು ಶ್ರವಣನಿಗೆ ದೃಷ್ಟಿ ತೆಗೆಯುತ್ತಿದ್ದ ಹೆಂಗಸು. ಮುಖ ಸ್ಪಷ್ಟವಾಗಿ ನೆನಪಿತ್ತು. ನೆನಪಾಗದಿದ್ದರೇ ಚೆನ್ನಾಗಿತ್ತು.

ಅಹ್ಮದಿಯ ಹಾದಿ ಉದ್ದಕ್ಕೂ ಅವಳು ರೇಡಿಯೋ ಹಾಕಲಿಲ್ಲ.

ಕಂಪನಿ ಮನೆಯ ಬಾಗಿಲು ತೆರೆದದ್ದು ಸೌಂದರ್ಯಾ. ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ಅಮ್ಮನ ಜೊತೆ ಕೂತಿದ್ದಳು. ಒಳಗೆ ಅನ್ನಪೂರ್ಣೆವ್ವ ಹಾಸಿದ ಚಾಪೆಯಿಂದ ಎದ್ದು ಬಂದಳು.

“ಏನಾರ ಗೊತ್ತಾತೇನ್ರಿ ಅಕ್ಕಾರ? ಯಾವಾಗ ಬಿಡ್ತಾರಂತ?”

“ಅನ್ನಪೂರ್ಣಾ, ಕೂತ್ಕೊಳ್ಳಿ. ನಾಟಕದ ದಿನ ಕೆಂಪು ನೀರು ಮಾಡಿದ್ದು ನೀವೇ ಅಲ್ವಾ?”

“ಹೌದ್ರಿ, ನಾನಽ ಮಾಡೀನಿ. ಕಣ್ಣು ಕೀಳಸ್ಕೊಳ್ಳೋ ಪಾರ್ಟು, ಛಲೋ ಅಲ್ಲ ನೋಡ್ರಿ ಅದು. ಯಾರೋ ಹಡದ ಕೂಸು. ರಂಗದ ಮ್ಯಾಲ ಹೋಗೂ ಮೊದ್ಲ ದೃಷ್ಟಿ ತಗದು ಕಳ್ಸೀನಿ. ನಮ್ಮನಿಯವ್ರಿಗಿ ಅವ ಅಂದ್ರ ಸಿಟ್ಟು. ನನಗೇನ್ ಸಿಟ್ಟಿಲ್ರಿ.”

“ತೆಗೆದ ಮೇಲೆ ಆ ನೀರು ಎಲ್ಲಿಗೆ ಹೋಯ್ತು?”

ಅನ್ನಪೂರ್ಣೆವ್ವನ ಮುಖ ಆ ದುಃಖದಲ್ಲೂ ಸ್ವಲ್ಪ ಅರಳಿತು. “ಚೆಲ್ಲಲಿಲ್ರಿ. ಕಣ್ಣಿಗಿ ಕಟ್ಟೋ ಪಟ್ಟಿ ಅದರಾಗಽ ಅದ್ದಿಟ್ಟೆ. ರಕ್ತದಂಗ ಕಾಣ್ತದ, ಮ್ಯಾಲ ಯಾರ ದೃಷ್ಟಿನೂ ತಾಗಂಗಿಲ್ಲ ಅಂತ.”

“ಮಮ್ಮಿ?” ಸೌಂದರ್ಯಾ ಗೋಡೆ ಹಿಡಿದಳು. “That cloth? ನಾ ಕಟ್ಟಿದ್ದಾ?”

ಮಗಳು ತನ್ನ ಬೆರಳು ನೋಡಿಕೊಂಡಳು. ಎಂಟು ದಿನದಿಂದ ಯಾಕೆ ಸುಲಿದಿದೆ ಅಂತ ಗೊತ್ತಿರದ ಬೆರಳು.

ಕುಸುಮಾವತಿಗೆ ಕುರ್ಚಿಯೇ ಕುಸಿದ ಹಾಗಾಯಿತು. ಗಂಡನನ್ನು ಬಿಡಿಸುತ್ತೇನೆ ಅಂತ ಯಾರ ಕೈ ಹಿಡಿದು ಮಾತು ಕೊಟ್ಟಿದ್ದಳೋ, ಆ ಕೈಯೇ ಪಟ್ಟಿ ಅದ್ದಿತ್ತು. ಒಬ್ಬರನ್ನು ಹೊರಗೆ ತರಲು ಇನ್ನೊಬ್ಬರನ್ನು ಒಳಗೆ ತಳ್ಳಬೇಕಾ? ಛೆ, ಇದೆಂಥ ಗ್ರಹಚಾರ! ಒಂದು ಗಳಿಗೆ ಎದ್ದು ಹೋಗಿಬಿಡುವ ಅನಿಸಿತು. ಆದರೆ ಅರ್ಧ ಸತ್ಯ ಹಿಡಿದುಕೊಂಡು ಹೋಗುವವಳಲ್ಲ ಅವಳು. ಅಲ್ಲದೆ ಅನ್ನಪೂರ್ಣೆವ್ವನ ಕೈಯಲ್ಲೂ ಒಂದು ಲೆಕ್ಕ ತಪ್ಪುತ್ತಿತ್ತು.

“ನಿಮ್ಮ ಬೆರಳು ತೋರಿಸಿ.”

ತುದಿಗಳಲ್ಲಿ ಚರ್ಮ ಎದ್ದು ಬಂದಿತ್ತು. “ಪಾತ್ರಿ ತಿಕ್ಕೂ ಸೋಪಿಂದ ಇರಬೇಕ್ರಿ,” ಎಂದಳು ಅನ್ನಪೂರ್ಣೆವ್ವ.

“ಊರಲ್ಲಿ ಎಲೆ ಅಡಿಕೆಗೆ ಸುಣ್ಣ ಹಚ್ಚಿ ಬೆಳೆದ ಕೈ ನಿಮ್ಮದು. ಯಾವತ್ತಾದರೂ ಹೀಗೆ ಸುಲಿದಿತ್ತಾ?”

“ಇಲ್ರಿ... ಆದ್ರ ಇದು ಹೊಸಾ ಸುಣ್ಣ ಇತ್ರಿ. ನೀರಿಗಿ ಹಾಕ್ದ ಕೂಡ್ಲೆ ತಾಟು ಬಿಸಿ ಆತು, ಹೊಗಿ ಎದ್ದಿತು. ಊರಾಗ ಸುಡುಸುಣ್ಣಕ್ಕ ನೀರ ಹಾಕಿದ್ರ ಹಂಗಽ ಆಗ್ತದಲ್ರಿ? ಅದಕ್ಕ ಅಸಲಿ ಮಾಲು ಅಂದ್ಕೊಂಡೆ.”

“ಉಳಿದಿದೆಯಾ?”

ಅನ್ನಪೂರ್ಣೆವ್ವ ದೇವರ ಮಾಡದಿಂದ ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದಳು. ಚಟ್ನಿ ಕಟ್ಟಿಕೊಡುವಂಥ ಮುಚ್ಚಳದ ಡಬ್ಬಿ. ಒಳಗೆ ಬಿಳಿ ಹರಳುಗಳು, ಸಾಬುದಾಣಿಯಷ್ಟು ದುಂಡಗೆ, ಒಂದಕ್ಕೊಂದು ಅಂಟಿ ನೀರೂರಿದ್ದವು.

ಕುಸುಮಾವತಿ ಅದನ್ನು ಮುಟ್ಟಲಿಲ್ಲ. ಸುಣ್ಣ ಎಲ್ಲಾದರೂ ಹೀಗೆ ಬೆವರುತ್ತದಾ? ಹೋಟೆಲ್ ಅಡುಗೆಮನೆಯೊಂದರ ಅಪಘಾತದ ಕ್ಲೇಮಿನಲ್ಲಿ ಇಂಥದ್ದೇ ಹರಳು ಅವಳು ನೋಡಿದ್ದಳು. ಜಿಡ್ಡು ಕಟ್ಟಿದ ಸಿಂಕಿನ ಪೈಪಿಗೆ ಸುರಿಯುವ ಕಾಸ್ಟಿಕ್ ಸೋಡಾ, ಡಾಕ್ಟರು ಹೇಳಿದ ಕಟು ಕ್ಷಾರ. ನೀರು ತಾಗಿದರೆ ಅದೂ ಬಿಸಿಯಾಗುತ್ತದೆ. ಅರಶಿನಕ್ಕೆ ಹಾಕಿದರೆ ಅದೂ ಕೆಂಪು ಮಾಡುತ್ತದೆ. ಹೊಸ ಸುಣ್ಣದ ಗುಣ ಬಲ್ಲ ಹೆಂಗಸಿಗೆ ಮಾತ್ರ ಇದು ಅಸಲಿ ಸುಣ್ಣ ಅನಿಸಬೇಕು. ಹಾಗಂತ ಗೊತ್ತಿದ್ದವನೇ ಇದನ್ನು ಕೊಟ್ಟಿದ್ದ.

“ಅನ್ನಪೂರ್ಣಾ,” ಅವಳು ನಿಧಾನವಾಗಿ ಕೇಳಿದಳು. “ಇದು ಸುಣ್ಣ ಅಲ್ಲ. ನಿಮ್ಮ ತಪ್ಪು ಏನೂ ಇಲ್ಲ. ಇದನ್ನು ಯಾರು ತಂದುಕೊಟ್ಟದ್ದು?”

“ಸುಣ್ಣ ಅಲ್ಲೇನ್ರಿ?” ಆಕೆ ಕಕ್ಕಾಬಿಕ್ಕಿಯಾದಳು. “ಇಲ್ಲಿ ಛಲೋ ಸುಣ್ಣ ಸಿಗಂಗಿಲ್ಲ, ಆರತಿಗಿ ಹೆಂಗ ಮಾಡೂದು ಅಂತ ಪ್ರಾಕ್ಟೀಸಿನ್ಯಾಗ ಅಂದಿದ್ದೆ. ಸುಮಿತ್ ತಮ್ಮ ಕೇಳ್ಸಿಕೊಂಡು ತಂದ್ಕೊಟ್ಟ. ಪಟ್ಟಿ ಅದ್ದೂದು ಸುದ್ದಾ ಅಂವನಽ ನೆನಪ ಮಾಡ್ದ. ‘ಅವ್ವಾ, ದೃಷ್ಟಿ ನೀರು ಚೆಲ್ಬೇಡಿ, ಪಟ್ಟಿ ಅದರಲ್ಲೇ ಇಡಿ, ಅವನಿಗೆ ಒಳ್ಳೇದಾಗ್ತದೆ’ ಅಂದ. ಭಾಳ ಒಳ್ಳೆ ಹುಡುಗ್ರಿ ಅಂವ.”

ಕುಸುಮಾವತಿ ಡಬ್ಬಿಯಿಂದ ಕಣ್ಣೆತ್ತಿ ಸೌಂದರ್ಯಾಳನ್ನು ನೋಡಿದಳು.

ಸೌಂದರ್ಯಾಳೇ ಮೊದಲು ಬಾಯಿ ತೆರೆದಳು. “ಆಂಟಿ, ಪಪ್ಪಾ ಆ ಸೀನಿಗೆ ಒಂದು ಮಾತು ಬರ್ದಿದ್ರು. ಕಣ್ಣು ಕಿತ್ತವನನ್ನ ಎಲ್ರೂ ಬೈತಾರ, ಆಮ್ಯಾಲ ಕುರ್ಚಿಮ್ಯಾಲ ಕುಂತವನನ್ನ ಯಾರೂ ಕೇಳಂಗಿಲ್ಲ ಅಂತ. ಸುಮಿತ್ ಅದನ್ನ ಕಟ್ ಮಾಡ್ರಿ ಅಂತ ಭಾಳ ಜಗಳ ಮಾಡಿದ್ದ. Boring ಅಂತ.”

ಹೊಸ ಟೈ. ಈಗ ಎಲ್ಲ ನಾನೇ ನೋಡ್ಕೊಳ್ಬೇಕಲ್ಲ. ನಾನಿದ್ದೇನಲ್ಲ. ಬ್ನೇದ್ ಅಲ್ ಗಾರಿನಲ್ಲಿ ಕೇಳಿದ ಒಂದೊಂದು ಮಾತೂ ಕುಸುಮಾವತಿಯ ಕಿವಿಗೆ ತಿರುಗಿ ಬಂತು. ನಿಂಬೆ ಹಿಂಡಿದ್ದು ಅವನ ಕಣ್ಣೆದುರೇ, ಶ್ರವಣ್ ಸತ್ಯ ಹೇಳ್ತೇನೆ ಅಂದದ್ದೂ ಅವನ ಎದುರೇ. ‘ಹಿಡೀತೇನೆ’ ಅಂತ ಇವಳು ಎದೆ ತಟ್ಟಿಕೊಂಡದ್ದೂ ಅಲ್ಲಿಯೇ. ಎಂಥ ಪೆದ್ದು ನಾನು, ಅಂತ ಅವಳು ತನ್ನನ್ನೇ ಬೈದುಕೊಂಡಳು.

ಆಗ ಇನ್ನೊಂದು ಮಾತು ನೆನಪಾಯಿತು. ಆಸ್ಪತ್ರೆಯಲ್ಲಿ ನರ್ಸ್ ಹಾಕುವಾಗ ಇಷ್ಟು ಉರಿ ಇರಲಿಲ್ಲ.

ಅವಳು ಫೋನು ಎಳೆದುಕೊಂಡು ಶ್ರವಣನ ನಂಬರು ಒತ್ತಿದಳು. ರಿಂಗ್ ಆಯಿತು, ಆಯಿತು, ಆಯಿತು. ಅನ್ನಪೂರ್ಣೆವ್ವ, ಸೌಂದರ್ಯಾ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

“ಹಲೋ ಅಕ್ಕಾ!” ಸುಮಿತನ ಧ್ವನಿ ಎಂದಿನ ಹಾಗೇ ಮೃದುವಾಗಿತ್ತು. “ಅಹ್ಮದಿ ಮುಟ್ಟಿದ್ರಾ? ಹೊರಟಿದ್ದೇವೆ ನಾವೂ. ಬ್ಯಾಂಡೇಜ್ ಬಿಚ್ಚಿದ್ದೇನೆ, ಡ್ರಾಪ್ಸ್ ಒಂದು ಹಾಕಿಬಿಡ್ತೇನೆ.”

“ಸುಮಿತ್, ಬೇಡ! ಫೋನ್ ಅವನಿಗೆ ಕೊಡು! ಈಗಲೇ ಕೊಡು!”

ಆ ಕಡೆ ಫೋನನ್ನು ಟೀಪಾಯಿಯ ಮೇಲೆ ಇಟ್ಟ ಸದ್ದಾಯಿತು. ಮತ್ತೆ ದೂರದಿಂದ ಶ್ರವಣನ ದನಿ ಕೇಳಿಸಿತು, ಏನೂ ಅರಿಯದ, ಎಲ್ಲರನ್ನೂ ನಂಬುವ ದನಿ.

“ಯಾರದು ಫೋನು? ಬೇಗ ಹಾಕು ಸುಮಿತಾ. ಇಗೋ, ಕಣ್ಣು ಬಿಟ್ಟಿದ್ದೇನೆ.”